ಬೋನಸ್ಸಿಗೆ ಮೂರು ಲಿಂಗ

ಮೊನ್ನೆ ಕಾರವಾರ ಪೇಟೆಯಲ್ಲಿ ಬಟ್ಟೆ ಒಗೆಯುವ ಪುಡಿ ಕೊಂಡಾಗ ಅಂಗಡಿಯವನು ಪ್ಯಾಕೆಟ್ಟಿನ ಜೊತೆ ಒಂದು ಹಸಿರು ಪ್ಲಾಸ್ಟಿಕ್ ಮಗ್ಗನ್ನೂ ನನ್ನ ಚೀಲಕ್ಕೆ ಹಾಕಿದ. ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಇಂಥ ಮಗ್ಗುಗಳು ಬಚ್ಚಲಿನಿಂದ ತುಳಸಿಕಟ್ಟೆಯವರೆಗೆ ಸಾಲಾಗಿ ಕೂತಿವೆ.

“ಇದು ಬ್ಯಾಡ ಮಾರಾಯಾ” ಎಂದೆ.

“ಬೋನಸ್ ಬಂದದ್ ಟೀಚರ್. ಬ್ಯಾಡ ಅಂದ್ರೆ ಹ್ಯಾಂಗೆ? ತಕಂಡ್ ಹೋಗಿ.”

“ಬೋನಸ್ ಅಲ್ಲ, ಬೋನುಮ್. ಮಗ್ಗು ನಪುಂಸಕಲಿಂಗ” ಎಂದು ಬಾಯಿಂದ ಬಂದೇಬಿಟ್ಟಿತು.

ಅವನು ಒಮ್ಮೆ ನನ್ನ ಮುಖ ನೋಡಿದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಲಿಸಿ ನಿವೃತ್ತರಾದವರಿಗೆ ಕೊನೆಗೆ ಹೀಗೆಲ್ಲ ಆಗುತ್ತದೆ ಪಾಪ, ಎನ್ನುವ ನೋಟ. ನಾನು ಹಿಂದೆ ನಿಂತಿದ್ದವರಿಗೆ ಜಾಗ ಬಿಟ್ಟು ಮಗ್ಗಿನ ಸಮೇತ ಹೊರಬಿದ್ದೆ. ಕದ್ವಾಡದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ನನಗೇ ನಗು ಬಂತು. ಲ್ಯಾಟಿನ್ ಭಾಷೆಯಲ್ಲಿ ನನಗೆ ಗೊತ್ತಿರುವುದು ಒಂದೇ ಒಂದು ಗುಣವಾಚಕ. ಅದನ್ನೂ ಸೋಪಿನ ಅಂಗಡಿಯಲ್ಲಿ ಖರ್ಚು ಮಾಡಿ ಬಂದಿದ್ದೆ.

ಆ ಗುಣವಾಚಕ ಬೋನುಸ್. ಅರ್ಥ, ಒಳ್ಳೆಯ. ನಾವು ದೀಪಾವಳಿಗೆ ಕಾಯುವ ಬೋನಸ್ ಇದೇ. ಒಳ್ಳೆಯದು ಪುಲ್ಲಿಂಗದಲ್ಲಿದ್ದರೆ ಬೋನುಸ್, ಸ್ತ್ರೀಲಿಂಗದಲ್ಲಿದ್ದರೆ ಬೋನಾ, ನಪುಂಸಕಲಿಂಗದಲ್ಲಿದ್ದರೆ ಬೋನುಮ್. ಹಾಗೆ ನೋಡಿದರೆ ಹೆಚ್ಚಿಗೆ ಸಿಗುವ ಒಳ್ಳೆಯ ವಸ್ತುವಿಗೆ ಬೋನುಮ್ ಅನ್ನಬೇಕಿತ್ತು. ಯಾರೋ ಎಲ್ಲೋ ಲಿಂಗ ತಪ್ಪಿದರು, ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು. ಸ್ತ್ರೀಲಿಂಗದ ಬೋನಾ ಕೂಡ ನಿಮಗೆ ಅಪರಿಚಿತವಲ್ಲ. ಮಕ್ಕಳ ಬಸ್ ಪಾಸಿಗಾಗಿ ಶಾಲೆಯಿಂದ ತಂದ ಬೋನಾಫೈಡ್ ಸರ್ಟಿಫಿಕೇಟನ್ನು ನೆನಪಿಸಿಕೊಳ್ಳಿ. ಅದರೊಳಗಿನ ಫೈಡ್ ಎಂದರೆ ನಂಬಿಕೆ. ಅದು ಆ ಭಾಷೆಯಲ್ಲಿ ಹೆಣ್ಣು, ಆದ್ದರಿಂದ ಒಳ್ಳೆಯದೂ ಹೆಣ್ಣಾಗಿ ಬೋನಾ. ‘ಇಂದ’ ಪ್ರತ್ಯಯ ಹಚ್ಚಿ ಓದಿದರೆ ಒಳ್ಳೆಯ ನಂಬಿಕೆಯಿಂದ ಎಂದಾಯಿತು. ಅಂಥ ಎಷ್ಟು ಸರ್ಟಿಫಿಕೇಟುಗಳನ್ನು ನಾನು ಒಳ್ಳೆಯ ನಂಬಿಕೆಯಿಂದಲೋ, ಮಕ್ಕಳ ಗಲಾಟೆ ತಡೆಯಲಾರದೆಯೋ ಬರೆದುಕೊಟ್ಟಿದ್ದೇನೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದರೆ ನಿಮಗೆ ನಗು ಬಂದೀತು. ಕೊಂಕಣಿ ಕಲಿಯಲು ಹೋಗಿ.

ನನ್ನ ತವರು ಅಂಕೋಲೆಯ ಬೆಳಂಬಾರ. ಮನೆಮಾತು ಕನ್ನಡ. ಮದುವೆಯಾಗಿ ಬಂದದ್ದು ಕಾರವಾರದ ಕದ್ವಾಡಕ್ಕೆ, ಕೊಂಕಣಿ ಆಡುವ ಗದ್ದೆಬೇಸಾಯದ ಮನೆಗೆ. ಎರಡೂರುಗಳ ನಡುವೆ ಬಸ್ಸಿನ ದಾರಿ ದೊಡ್ಡದೇನಲ್ಲ. ಕೊಂಕಣಿಯೂ ಕಿವಿಗೆ ಹೊಸದಾಗಿರಲಿಲ್ಲ. ಆದರೆ ಕೇಳುವುದು ಬೇರೆ, ಅತ್ತೆಯೆದುರು ಆಡುವುದು ಬೇರೆ. ನಮ್ಮ ಕನ್ನಡದ ಗುಣವಾಚಕ ಬಲು ಸಾಧು ಪ್ರಾಣಿ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆ. ಯಾರ ಮುಂದೆ ನಿಲ್ಲಿಸಿದರೂ ಅದು ಅಲ್ಲಾಡುವುದಿಲ್ಲ. ಕೊಂಕಣಿಯ ‘ಒಳ್ಳೆಯ’ ಎದುರಿಗಿದ್ದವರ ಲಿಂಗ ನೋಡಿ ಬಣ್ಣ ಬದಲಿಸುತ್ತದೆ. ಬರೊ, ಬರಿ, ಬರೆಂ. ಹೋಗಲಿ ಎಂದರೆ ಮೀನಿಗೂ ಲಿಂಗ. ಬಂಗಡೆ ಗಂಡು, ತಾರ್ಲೆ ಹೆಣ್ಣು, ಸೀಗಡಿ ಎರಡೂ ಅಲ್ಲ. ಬರೊ ಬಾಂಗ್ಡೊ, ಬರಿ ತಾರ್ಲಿ, ಬರೆಂ ಸುಂಗಟ.

ನಾನು ಎಲ್ಲದಕ್ಕೂ ಬರೊ ಎನ್ನುತ್ತಿದ್ದೆ. ಹಾರವಾಡದಿಂದ ಮೀನು ಹೊತ್ತು ತರುತ್ತಿದ್ದ ಗಿರಿಜಕ್ಕನೆದುರು ತಾರ್ಲೆಯನ್ನೂ ಬರೊ ಎಂದಾಗ ಅವಳು ಬುಟ್ಟಿ ಇಳಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. “ತಂಗೀ, ನೀ ಕನ್ನಡದಾಗೇ ಕೇಳು ಮಾರಾಯ್ತಿ. ತಾರ್ಲಿಗೆ ಮೀಸೆ ಬರಿಸಬ್ಯಾಡ.”

ನನ್ನ ಕಷ್ಟ ನೋಡಲಾಗದೆ ಕೈಹಿಡಿದವರು ಪಕ್ಕದ ಮನೆಯ ಇನಾಸ್ ಮಾಸ್ತರು. ಹರೆಯದಲ್ಲಿ ಪಾದ್ರಿಯಾಗಲು ಹೋಗಿ, ಕೆಲವು ವರ್ಷ ಲ್ಯಾಟಿನ್ ಓದಿ, ಯಾಕೋ ಮನಸ್ಸಾಗದೆ ತಿರುಗಿ ಬಂದು ಇಂಗ್ಲಿಷ್ ಮಾಸ್ತರರಾದವರು. ಆಗಲೇ ತಲೆ ಬೆಳ್ಳಗಾಗಿತ್ತು. ಸಂಜೆ ಬೇಲಿಯ ಆಚೆ ನಿಂತು ತೆಂಗಿನ ಬುಡಕ್ಕೆ ನೀರು ಹಾಕುತ್ತ ಪಾಠ ಮಾಡುತ್ತಿದ್ದರು.

“ಕೊಂಕಣಿ ಕಷ್ಟ ಅಲ್ಲ ಬಾಯ್. ಲ್ಯಾಟಿನ್ ಇದ್ದಾಂಗೇ ಉಂಟು. ಹೇಳಿ ನೋಡುವಾ, ಬೋನುಸ್, ಬೋನಾ, ಬೋನುಮ್. ಬರೊ, ಬರಿ, ಬರೆಂ. ಕೇಳೂಲಿಕ್ಕೂ ಹತ್ತಿರ ಹತ್ತಿರ.”

ಕೊಂಕಣಿ ಕಲಿಯಲು ಲ್ಯಾಟಿನ್ನಿನ ಮೇಲೆ ಹಾದು ಬಂದ ಸೊಸೆ ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು. ಮಾಸ್ತರಿಗೂ ಖುಷಿ. ದೇವರ ಸೇವೆಗೆಂದು ಕಲಿತದ್ದು ಕಡೆಗೆ ನೆರೆಮನೆಯ ಸೊಸೆಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ಹೇಳುತ್ತಿದ್ದರು. ಪಾಠ ಅಡ್ಡಹಾದಿ ಹಿಡಿಯುವುದೇ ಹೆಚ್ಚು. ನಾವಿಕನಿಗೆ ಲ್ಯಾಟಿನ್ನಿನಲ್ಲಿ ನೌತಾ ಅಂತೆ. ಪದದ ವೇಷ ಪೂರಾ ಹೆಂಗಸಿನದು, ಒಳಗಿರುವವನು ಗಂಡಸು. ಆದ್ದರಿಂದ ಒಳ್ಳೆಯ ನಾವಿಕ ಬೋನುಸ್ ನೌತಾ. “ನಾಮಪದದ ವೇಷ ನಂಬಬೇಡಿ. ಗುಣವಾಚಕ ಸುಳ್ಳು ಹೇಳೂದಿಲ್ಲ” ಎನ್ನುತ್ತಿದ್ದರು. ಬೋನಾದಲ್ಲಿ ಇನ್ನೊಂದು ತೊಡಕಿತ್ತು. ಏಕವಚನದ ಸ್ತ್ರೀಲಿಂಗವಾದರೆ ಅದು ಒಳ್ಳೆಯವಳು. ಅದೇ ಬೋನಾ ನಪುಂಸಕಲಿಂಗದ ಬಹುವಚನವೂ ಹೌದು. ಆಗ ಅರ್ಥ ಆಸ್ತಿಪಾಸ್ತಿ, ಸಾಮಾನು ಸರಂಜಾಮು. ಹೆಂಗಸೋ ಸಾಮಾನೋ ಎಂಬುದನ್ನು ಸುತ್ತಲಿನ ಮಾತು ನೋಡಿ ತಿಳಿಯಬೇಕು. ಇದನ್ನು ಹೇಳಿ ಮಾಸ್ತರು ನಕ್ಕಿದ್ದರು, ನಾನೂ ನಕ್ಕಿದ್ದೆ. ನಮ್ಮ ಮನೆಯಲ್ಲೇ ಅಂಥದೊಂದು ಇದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ನನ್ನ ಗಂಡನ ಅಕ್ಕ ಶೈಲಾಬಾಯ್. ನಾನು ಮದುವೆಯಾಗಿ ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಕಾರವಾರ ಪೇಟೆಯಲ್ಲಿ ಅವರದೇ ಹೊಲಿಗೆಯ ಅಂಗಡಿ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, “ಊರವರ ಮದುವೆ ರವಿಕೆ ಹೊಲೀತಾ ಪುರುಸೊತ್ತು ಆಗಲಿಲ್ಲ” ಎನ್ನುತ್ತಿದ್ದರು. ನಾನು ಬಂದ ಹೊಸದರಲ್ಲಿ ಯಾರೋ ನೆಂಟರು ಮನೆಗೆ ಬಂದಿದ್ದರು. ಶೈಲಾಬಾಯ್ ಕಾಣದಿದ್ದಾಗ ನಾನು ಹೊಸದಾಗಿ ಕಲಿತ ಕೊಂಕಣಿಯಲ್ಲಿ, ಬಲು ಜಾಗ್ರತೆಯಿಂದ, “ತಿ ಖಂಯ್ ಗೆಲಿ?” ಎಂದು ಕೇಳಿದೆ. ಅವಳು ಎಲ್ಲಿ ಹೋದಳು ಎಂದು. ಹೆಂಗಸು, ಆದ್ದರಿಂದ ತಿ. ಮಾಸ್ತರ ಪಾಠದ ಪ್ರಕಾರ ನೂರಕ್ಕೆ ನೂರು ಅಂಕ.

ಜಗಲಿಯಲ್ಲಿ ಗೊಳ್ಳೆಂದು ನಕ್ಕರು. ನೆಂಟರಲ್ಲಿ ಒಬ್ಬಾಕೆ, “ಅಯ್ಯೋ, ಶೈಲಾನ ಲಗ್ನ ಯಾವಾಗ ಆಯ್ತು? ನಮಗೆ ಹೇಳಲೇ ಇಲ್ಲ!” ಎಂದು ಕೇಳಿದರು. ವಿಷಯ ಇಷ್ಟು. ಕೊಂಕಣಿಯಲ್ಲಿ ಮದುವೆಯಾದ ಹೆಂಗಸು ತಿ. ಆಗದ ಹುಡುಗಿ ತೆಂ, ಎಂದರೆ ಅದು. ಹುಡುಗಿ ನಪುಂಸಕಲಿಂಗ. ತಾಳಿ ಬಿದ್ದ ಮೇಲೆ ಸ್ತ್ರೀಲಿಂಗಕ್ಕೆ ಬಡ್ತಿ. ಶೈಲಾಬಾಯಿಗೆ ಆ ಬಡ್ತಿ ಸಿಕ್ಕಿರಲಿಲ್ಲ, ಆದ್ದರಿಂದ ಮನೆಯವರ ಬಾಯಲ್ಲಿ ಅವರು ತೆಂ ಆಗಿಯೇ ಉಳಿದಿದ್ದರು. ನಾಳೆ ಕೂದಲು ಬೆಳ್ಳಗಾದರೂ ಆ ಮನೆಯಲ್ಲಿ ತೆಂ ಆಯ್ಲೆಂ, ತೆಂ ಗೆಲೆಂ. ಅದು ಬಂತು, ಅದು ಹೋಯಿತು.

ನಾನು ನಾಚಿಕೆಯಿಂದ ಅಡಿಗೆಮನೆ ಸೇರಿದೆ. ಶೈಲಾಬಾಯ್ ಅಲ್ಲೇ ಹಿಂಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಹತ್ತಿರ ಬಂದು, “ತೂಂ ತಶೆಂಚ್ ಮ್ಹಣ್” ಎಂದರು. ನೀನು ಹಾಗೇ ಹೇಳು ಎಂದು. ನಾನು ಹಾಗೇ ಹೇಳಿದೆ. ವರ್ಷಗಳು ಕಳೆದು ನನ್ನ ಕೊಂಕಣಿ ಸುಧಾರಿಸಿತು, ತಾರ್ಲೆಯ ಮೀಸೆ ಉದುರಿತು, ಆದರೆ ಈ ಒಂದು ತಪ್ಪನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ಅಂಕೋಲೆಯವಳು, ಅವಳಿಗೆ ಭಾಷೆ ಹತ್ತುವುದಿಲ್ಲ ಎಂದು ಮನೆಯವರು ಸುಮ್ಮನಾದರು.

ನೀವು ಕೇಳಬಹುದು, ನಿಮ್ಮ ಅಂಕೋಲೆಯ ಕಡೆ ಏನು ಕಮ್ಮಿ ಎಂದು. ಒಪ್ಪಿದೆ. ನಮ್ಮ ಬೆಳಂಬಾರದ ಮನೆಯಲ್ಲಿ ಹೆಂಗಸರೆಲ್ಲ ‘ಅದು’. ಅಕ್ಕ ಬಂತು, ಅತ್ತಿಗೆ ಹೋಯ್ತು, ಅಜ್ಜಿ ಮಲಗಿತು. ಶಾಲೆಯಲ್ಲಿ ಮಕ್ಕಳು ರಾಣಿ ಕಾಡಿಗೆ ಹೋಯಿತು ಎಂದು ಬರೆದರೆ ನಾನು ಕೆಂಪು ಶಾಯಿಯಲ್ಲಿ ಹೋದಳು ಎಂದು ತಿದ್ದುತ್ತಿದ್ದೆ, ಅದೇ ಸಂಜೆ ತವರಿಗೆ ಹೋದರೆ, “ಅಕ್ಕ ಬಂತನೇ?” ಎಂದು ಕೇಳುತ್ತಿದ್ದೆ. ಆದರೆ ನಮ್ಮಲ್ಲಿ ಎಲ್ಲರೂ ಅದು. ಮದುವೆಯಾದದ್ದು, ಆಗದ್ದು ಎಂಬ ಭೇದವಿಲ್ಲ. ಈ ಕೊಂಕಣಿ ಪದ್ಧತಿ ಹೇಳಿದಾಗ ನನ್ನ ಅವ್ವ ಗೇರುಬೀಜ ಸುಲಿಯುವುದನ್ನು ನಿಲ್ಲಿಸಿ, “ಅಲ್ಲಾ, ಮನೀ ಎಲ್ಲಾ ತೂಗ್ಸೂದು ಅದು, ಹೆಂಗ್ಸು ಅಲ್ದಂತೇನೆ?” ಎಂದು ಕೇಳಿತ್ತು. ನೋಡಿ, ಕೇಳಿತ್ತು ಎಂದೇ ಬರೆದೆ. ಅವ್ವನ ವಿಷಯ ಬಂದರೆ ವ್ಯಾಕರಣ ಕೈಕೊಡುತ್ತದೆ. ಶೈಲಾಬಾಯಿಯನ್ನು ಮಾತ್ರ ಮೊದಲಿನಿಂದ ಅವರು ಎಂದು ಬರೆಯುತ್ತ ಬಂದಿದ್ದೇನೆ. ಬರಹದ ಕನ್ನಡದಲ್ಲಿ ಅದೊಂದು ಅನುಕೂಲ. ಗೌರವ ಕೊಟ್ಟ ಮೇಲೆ ಲಿಂಗ ಯಾರೂ ಕೇಳುವುದಿಲ್ಲ.

ತೆಂ ಎನ್ನುವುದರಲ್ಲಿ ಪ್ರೀತಿಯಿಲ್ಲ ಎಂದಲ್ಲ. ಆಯ್, ಎಂದರೆ ನಮ್ಮ ಅತ್ತೆ, ಮಗಳಿಗೆ ಮೀನಿನ ನಡುತುಂಡು ತೆಗೆದಿಟ್ಟೇ ಉಳಿದವರಿಗೆ ಬಡಿಸುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಮನೆಯ ದೊಡ್ಡ ಮಾತುಕತೆಗಳೆಲ್ಲ ಜಗಲಿಯಲ್ಲಿ ಆಗುತ್ತಿದ್ದವು. ಹಂಚು ತೆಗೆದು ಸ್ಲ್ಯಾಬ್ ಹಾಕುವುದೋ ಬೇಡವೋ, ಹಿತ್ತಲ ಹಲಸಿನ ಮರ ಕಡಿಸುವುದೋ ಬಿಡುವುದೋ. ಹುಬ್ಬಳ್ಳಿಯಿಂದ ಭಾವ, ಎಂದರೆ ನಮ್ಮವರ ಅಣ್ಣ, ಬರುತ್ತಿದ್ದರು, ನಮ್ಮವರು ಇರುತ್ತಿದ್ದರು, ಸೊಸೆಯಂದಿರು ಬಾಗಿಲಲ್ಲಿ ನಿಂತು ಒಂದೆರಡು ಮಾತು ಸೇರಿಸುತ್ತಿದ್ದೆವು. ದಿನವೂ ಆ ಹಂಚಿನ ಕೆಳಗೆ ಮಲಗುವ, ಆ ಮರದ ಎಲೆ ಗುಡಿಸುವ ಶೈಲಾಬಾಯ್ ಚಹಾ ಇಟ್ಟು ಒಳಗೆ ಹೋಗುತ್ತಿದ್ದರು. ಯಾರಾದರೂ ಅವರ ಹೆಸರೆತ್ತಿದರೆ ಭಾವ, “ತಾಕಾ ಕಿತೆಂ ಕಳ್ಟಾ?” ಎನ್ನುತ್ತಿದ್ದರು. ಅದಕ್ಕೆ ಏನು ತಿಳಿಯುತ್ತದೆ ಎಂದು.

ಒಮ್ಮೆ ನಾನು ಅವರ ಅಂಗಡಿಯಲ್ಲಿ ರವಿಕೆಗೆ ಗುಂಡಿ ಹಚ್ಚುತ್ತ ಕೂತಿದ್ದಾಗ ಅವರಾಗಿಯೇ ಹೇಳಿದರು. “ಗಂಡ ಇಲ್ಲಾಂತ ನಂಗೆ ಬೇಜಾರಿಲ್ಲ ಸುಮಾ. ಖರೇ ಹೇಳ್ತೆ. ಮನೇಲಿ ನಾನು ಲೆಕ್ಕಕ್ಕೆ ಇಲ್ಲ ಅಲ್ವಾ, ಅದು ಬೇಜಾರು. ನಾಳೆ ಆಯಿಗೆ ಏನಾದ್ರೂ ಆದ್ರೂ ನನ್ನ ಯಾರೂ ಕೇಳೂದಿಲ್ಲ ನೋಡು.” ಹೇಳಿ ಮತ್ತೆ ಮಶಿನ್ ತುಳಿದರು. ನಾನು ಗುಂಡಿಯನ್ನು ತಿರುವುಮುರುವು ಹಚ್ಚಿ ಬೈಸಿಕೊಂಡೆ.

ಆ ಮಾತನ್ನು ಮಾಸ್ತರಿಗೆ ಹೇಳಿದ್ದೆ. ಅವರು ನೀರಿನ ಪೈಪು ಕೆಳಗಿಟ್ಟು ಬೋನುಸಿನ ವಿಭಕ್ತಿ ಶುರು ಮಾಡಿದರು. ದುಃಖದ ಮಾತು ಬಂದರೆ ವ್ಯಾಕರಣಕ್ಕೆ ಜಾರಿಕೊಳ್ಳುವುದು ಅವರ ಅಭ್ಯಾಸ. ಚತುರ್ಥಿಯಲ್ಲಿ ಒಳ್ಳೆಯವನಿಗೆ ಬೋನೊ, ಒಳ್ಳೆಯವಳಿಗೆ ಬೋನೇ, ಒಳ್ಳೆಯದಕ್ಕೆ ಪುನಃ ಬೋನೊ. ‘ಗೆ’ ಪ್ರತ್ಯಯ ಹಚ್ಚಿದಾಗ ಗಂಡು ಮತ್ತು ನಪುಂಸಕ ಎರಡೂ ಒಂದೇ ರೂಪ, ಹೆಣ್ಣು ಮಾತ್ರ ಬೇರೆ. “ಕೊಂಕಣಿಯಲ್ಲೂ ಹಾಂಗೇ ಬಾಯ್. ಅವನಿಗೂ ತಾಕಾ, ಅದಕ್ಕೂ ತಾಕಾ. ಅವಳಿಗೆ ಮಾತ್ರ ತಿಕಾ. ಶೈಲಾಗೆ ತಿಕಾ ಅನ್ನೂವವರು ಈ ಊರಲ್ಲಿ ನೀವು ಒಬ್ಬರೇ.” ಮಾಸ್ತರು ಈಗಿಲ್ಲ. ಇದ್ದಿದ್ದರೆ ಮುಂದಿನದನ್ನು ಅವರಿಗೆ ಬೇಲಿಯವರೆಗೆ ಓಡಿಹೋಗಿ ಹೇಳುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಆಯ್ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದರು. ಎಂಬತ್ತೈದು ದಾಟಿದ ದೇಹ, ಸೊಂಟದ ಹತ್ತಿರ ಎಲುಬು ಮುರಿಯಿತು. ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಎರಡೂ ಕಡೆಯದನ್ನು ಹೇಳಿದರು. ಆಪರೇಶನ್ ಮಾಡಿದರೆ ಎದ್ದು ನಡೆಯಬಹುದು, ಆದರೆ ಈ ವಯಸ್ಸಿಗೆ, ಈ ಹೃದಯಕ್ಕೆ ಅಪಾಯವಿದೆ. ಮಾಡದಿದ್ದರೆ ಈಗಿನ ಅಪಾಯ ತಪ್ಪುತ್ತದೆ, ಆದರೆ ಹಾಸಿಗೆ ಬಿಟ್ಟು ಏಳುವುದು ಕಷ್ಟ. ಬೇಗ ನಿರ್ಧಾರ ಮಾಡಿ ಎಂದರು.

ಭಾವ ಹುಬ್ಬಳ್ಳಿಯಿಂದ ಬಂದು ಮಂಚದ ಎಡಕ್ಕೆ ನಿಂತರು. ಬೇಡ, ಈ ವಯಸ್ಸಿನಲ್ಲಿ ಕತ್ತರಿ ಹಾಕಿಸುವುದು ಬೇಡ ಎಂದು ಅವರ ವಾದ. ನಮ್ಮವರು ಬಲಕ್ಕೆ. ಮಾಡಿಸುವುದು ಒಳ್ಳೆಯದು, ಆದರೆ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಇವರದು. ಆಯ್ ನಡುವೆ ಮಲಗಿ ಎರಡೂ ಕಡೆ ಕಣ್ಣು ಹೊರಳಿಸುತ್ತಿದ್ದರು. ಶೈಲಾಬಾಯ್ ಕಾಲ್ದೆಸೆಯಲ್ಲಿ ನಿಂತು ತಾಯಿಯ ಸೀರೆ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ನಾನು ತಡೆಯಲಾರದೆ, ಶೈಲಾಬಾಯಿಯನ್ನೂ ಒಂದು ಮಾತು ಕೇಳಿ ಎಂದೆ. ಭಾವ ನನ್ನ ಕಡೆ ತಿರುಗದೆಯೇ ಹಳೆಯ ಮಾತನ್ನೇ ಹೇಳಿದರು. “ತಾಕಾ ಕಿತೆಂ ಕಳ್ಟಾ?”

ಆಗ ಆಯ್ ಬಾಯಿ ತೆರೆದರು. “ತಿಕಾ ವಿಚಾರಾ.”

ಅವಳನ್ನು ಕೇಳಿ ಎಂದು. ಇಬ್ಬರು ಗಂಡುಮಕ್ಕಳೂ ಒಮ್ಮೆಲೇ ನನ್ನ ಕಡೆ ನೋಡಿದರು. ಅವರ ತಪ್ಪಲ್ಲ. ಆ ಕೋಣೆಯಲ್ಲಿ ತಿ ಎನ್ನಿಸಿಕೊಳ್ಳುವವಳು ನಾನೊಬ್ಬಳೇ ಇದ್ದೆ. ಉತ್ತರಕ್ಕೆ ಕಾದು ನಿಂತಿದ್ದ ಡಾಕ್ಟರೂ ನನ್ನ ಕಡೆ ತಿರುಗಿದರು. ನನಗೂ ಹಾಗೇ ಅನ್ನಿಸಿತು. ಎಲುಬಿನ ವಿಷಯ ನನಗೇನು ಗೊತ್ತು? “ಆಯ್, ನಾನು ಏನಂತ ಹೇಳಲಿ...” ಎಂದು ಶುರುಮಾಡಿದೆ.

ಆಯಿಗೆ ಸಿಟ್ಟು ಬಂತು. ನೋವಿನಲ್ಲೂ ಕೈ ಎತ್ತಿ ನನ್ನನ್ನು ಅತ್ತ ಸರಿಸಿದಂತೆ ಮಾಡಿದರು. “ತುಕಾ ನ್ಹಯ್ ಗೊ!” ನಿನ್ನನ್ನಲ್ಲವೇ ಎಂದು. ಆಮೇಲೆ ಗದ್ದವನ್ನು ಕಾಲ್ದೆಸೆಗೆ ಚಾಚಿ, “ಶೈಲಾಕ್. ತಿಕಾ” ಎಂದರು.

ಶೈಲಾಬಾಯಿಯ ಕೈಯ ಸೀರೆ ಮಡಿಕೆ ಬಿಚ್ಚಿ ಜಾರಿತು. ಅವರು ಅದನ್ನು ಹೆಕ್ಕಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಳ್ಳುವ ನೆಪದಲ್ಲಿ ಗೋಡೆಯ ಕಡೆ ತಿರುಗಿದೆ.

ಆಮೇಲೆ ಶೈಲಾಬಾಯ್ ಡಾಕ್ಟರ ಹತ್ತಿರ ನೇರವಾಗಿ ಕೇಳಿದರು. “ಆಪರೇಶನ್ ಆದ್ರೆ ಆಯಿ ಬಾವಿಕಟ್ಟೆ ತನಕ ಹೋಗ್ತಾರಾ?”

“ವಾಕರ್ ಹಿಡಿದು ಹೋಗಬಹುದು. ಆದರೆ ಗ್ಯಾರಂಟಿ ಕೊಡಲಿಕ್ಕೆ ಆಗುವುದಿಲ್ಲ.”

“ಗ್ಯಾರಂಟಿ ಯಾರ ಹತ್ರ ಉಂಟು ಡಾಕ್ಟರ್? ಇವರಿಗೆ ಮಲಗಿ ಇರೂಲಿಕ್ಕೆ ಬರೂದಿಲ್ಲ. ಜ್ವರ ಬಂದ್ರೂ ಮಲಗಿದವರಲ್ಲ. ಹಾಸಿಗೆಗೆ ಹಾಕಿಟ್ರೆ ಎಲುಬು ಅಲ್ಲ, ಇವರೇ ಮುರೀತಾರೆ. ಮಾಡಿ. ಹೆಚ್ಚುಕಮ್ಮಿ ಆದ್ರೆ ನಾನು ಹೇಳಿದ್ದು ಅಂತ ಇರ್ಲಿ.”

ಆಯ್ ಕಣ್ಣು ಮುಚ್ಚಿಕೊಂಡರು. ಭಾವ ಏನೋ ಹೇಳಲು ಹೋದರು. ನಮ್ಮವರು ಅವರ ತೋಳು ಹಿಡಿದು, “ಆಯ್ ಹೇಳಿದ್ದು ಮುಗೀತಲ್ಲ” ಎಂದರು.

ಆಪರೇಶನ್ ನಡೆಯುವಾಗ ಹೊರಗಿನ ಬೆಂಚಿನಲ್ಲಿ ಶೈಲಾಬಾಯ್ ನನ್ನ ಕೈ ಹಿಡಿದುಕೊಂಡು ಕೂತಿದ್ದರು. “ನಾ ಹೇಳಿದ್ದು ತಪ್ಪಾದ್ರೆ?” ಎಂದು ಒಮ್ಮೆ ಕೇಳಿದರು. ಲೆಕ್ಕಕ್ಕೆ ಬರುವುದೆಂದರೆ ಇದೂ ಹೌದು ಎಂದು ನನಗೆ ಆಗ ತಿಳಿಯಿತು. ಬಾಗಿಲು ತೆರೆದು ನರ್ಸ್ ಬಂದು, ಅಜ್ಜಿ ನೀರು ಕೇಳುತ್ತಿದ್ದಾರೆ, ಈಗಲೇ ಕೊಡುವ ಹಾಗಿಲ್ಲ ಎಂದರೆ ನಮಗೇ ಬೈಯುತ್ತಿದ್ದಾರೆ ಎಂದಾಗ ಶೈಲಾಬಾಯ್ ಕೈ ಬಿಟ್ಟರು. ಬೈಯುತ್ತಿದ್ದಾರೆ ಎಂದರೆ ಚೆನ್ನಾಗಿದ್ದಾರೆ ಎಂದು ನಮ್ಮ ಮನೆಯವರಿಗೆಲ್ಲ ಗೊತ್ತು.

ಆಯ್ ಬಿದ್ದ ಮೇಲೆ ಶೈಲಾಬಾಯ್ ಹೊಲಿಗೆ ಮಶಿನ್ನನ್ನು ಅಂಗಡಿಯಿಂದ ಮನೆಗೇ ತಂದಿಟ್ಟುಕೊಂಡರು. ಈಗ ಆಯ್ ವಾಕರ್ ಹಿಡಿದು ಬಾವಿಕಟ್ಟೆಯವರೆಗೆ ಹೋಗುತ್ತಾರೆ. ಅಲ್ಲಿ ಪಾಚಿ ತಿಕ್ಕಿಲ್ಲ ಎಂದು ಎಲ್ಲರನ್ನೂ ಬೈದು ಬರುತ್ತಾರೆ. ಆಸ್ಪತ್ರೆಯ ಆ ತಿಕಾ ಮತ್ತೆ ಅವರ ಬಾಯಲ್ಲಿ ಕೇಳಲಿಲ್ಲ. ಅದು ಮುಪ್ಪಿನ ಮರೆವೋ, ನೋವಿನಲ್ಲಿ ಜಾರಿದ ನಾಲಿಗೆಯೋ, ಇಷ್ಟು ವರ್ಷ ನನ್ನ ತಪ್ಪು ಕೇಳಿ ಕೇಳಿ ಕಿವಿಗೆ ಅಂಟಿದ್ದೋ ಎಂದು ನಾನು ಯೋಚಿಸುತ್ತಲೇ ಇದ್ದೆ. ಕೇಳಲು ಧೈರ್ಯ ಸಾಲಲಿಲ್ಲ.

ಮೊನ್ನೆ ಮಗ್ಗಿನೊಂದಿಗೆ ಮನೆಗೆ ಬಂದಾಗ ಆಯ್ ಜಗಲಿಯ ಕುರ್ಚಿಯಲ್ಲಿದ್ದರು. ಚಹಾದ ಹೊತ್ತು ಮೀರಿತ್ತು. ನನ್ನನ್ನು ಕಂಡದ್ದೇ ಎಂದಿನಂತೆ ಕೂಗಿದರು. “ತೆಂ ಖಂಯ್ ಗೆಲೆಂ?” ಅದು ಎಲ್ಲಿ ಹೋಯಿತು?

ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೊಲಿಗೆ ಮಶಿನ್ನಿನ ಸದ್ದು ನಿಂತಿತು. ಶೈಲಾಬಾಯಿಯ ದನಿ ಬಂತು, ದೊಡ್ಡದಾಗಿ, ಬೀದಿಗೆ ಕೇಳುವ ಹಾಗೆ.

“ತಿ ಹಾಂಗಾ ಆಸಾ!” ಅವಳು ಇಲ್ಲಿದ್ದಾಳೆ.

ಆಯ್ ನನ್ನ ಮುಖ ನೋಡಿದರು. ನಾನು ಮಗ್ಗಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತೆ. ಅವರು ವಾಕರನ್ನು ನೆಲಕ್ಕೊಮ್ಮೆ ಕುಟ್ಟಿ, ಒಳಗಿನ ಕಡೆ ತಿರುಗಿ ಹೇಳಿದರು.

“ತಿ ತರ್ ತಿ. ಚಾ ಹಾಡ್.”

ಅವಳು ಎಂದರೆ ಅವಳು. ಚಹಾ ತಾ.